ಒಂದು ಅಳತೆ ದೊಡ್ಡ ಕ್ಯಾಮ್‌ಶಾಫ್ಟ್

ಈ ವರ್ಷದ ಸಿಹಿಜೋಳದ ಹಬ್ಬದ ಮೆರವಣಿಗೆಯಲ್ಲಿ ನನ್ನ ಕಾರು ಮೇನ್ ಸ್ಟ್ರೀಟಿಗೆ ಕಾಲಿಟ್ಟ ಕೂಡಲೇ ಬ್ಯಾಂಕಿನ ಗಾಜುಗಳು ನಡುಗಬೇಕು, ಚರ್ಚಿನ ಗಂಟೆ ತನ್ನಷ್ಟಕ್ಕೆ ತಾನೇ ಹೊಡೆದುಕೊಳ್ಳಬೇಕು, ಅದರ ಹಿಂದಿನ ಸ್ಮಶಾನದಲ್ಲಿ ಮಲಗಿರುವವರು ಒಮ್ಮೆ ಮಗ್ಗುಲು ಬದಲಿಸಬೇಕು! ಹೀಗೆಂದು ಹಿಮ ಕರಗುವ ಮುಂಚೆಯೇ ನಾನು ಪ್ರತಿಜ್ಞೆ ಮಾಡಿದೆ. ಭೀಷ್ಮನಿಗೆ ಹೆಂಡತಿ ಇರಲಿಲ್ಲ, ಅವನ ಪ್ರತಿಜ್ಞೆ ಉಳಿಯಿತು. ನನಗೆ ನಡೀನ್ ಇದ್ದಾಳೆ.

"ಗಾಜು ಒಡೆದ್ರೆ ಯಾರು ಹಾಕಿಸಿಕೊಡ್ತಾರೆ?" ಎಂದಳು ಅವಳು, ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸದೆ.

ಓಹಾಯೋದ ನಮ್ಮೂರಿನಲ್ಲಿ ನಾನು ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರುವವನು. ಅಂಗಡಿಯ ನೆತ್ತಿಯ ಮೇಲೆ ಕೆಂಪಕ್ಷರದ ಬೋರ್ಡು ಇದೆ: 'ದೊಡ್ಡದೇ ತಗೊಳ್ಳಿ, ನಿಶ್ಚಿಂತೆಯಾಗಿರಿ.' ಇದು ಬರೀ ಬೋರ್ಡಲ್ಲ, ನನ್ನ ಜೀವನದರ್ಶನ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯವರು ಮಧ್ಯಮ ಗಾತ್ರದ ಫ್ರಿಜ್ಜು ನೋಡುತ್ತಾ ನಿಂತಿರುತ್ತಾರೆ. ನಾನು ಮೆಲ್ಲಗೆ ಹತ್ತಿರ ಹೋಗಿ, "ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಕ್ಕಳೆಲ್ಲ ಬಂದಾಗ ಟರ್ಕಿ ಕೋಳಿ ಎಲ್ಲಿಡ್ತೀರಿ?" ಎಂದು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅಷ್ಟೇ. ಹತ್ತು ವರ್ಷದಿಂದ ಮಕ್ಕಳು ಬಾರದ ಮನೆಗೂ ಬೀರುವಿನಂಥ ಫ್ರಿಜ್ಜು ಹೋಗುತ್ತದೆ. ಒಳಗೆ ಎರಡು ಮೊಟ್ಟೆ, ಒಂದು ಸಾಸಿವೆ ಡಬ್ಬಿ, ಉಳಿದದ್ದೆಲ್ಲ ನನ್ನ ವ್ಯಾಪಾರ ಚಾತುರ್ಯ.

ಇಂಥ ನಾನು ಇನ್ನೊಬ್ಬ ವ್ಯಾಪಾರಿಯ ಬಲೆಗೆ ಬೀಳುವುದುಂಟೇ? ಇಲ್ಲ. ನಾನೇ ಬಲೆ ಹೆಣೆದು, ನಾನೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡೆ.

ಕಾರು ನನ್ನದೆನ್ನುತ್ತೇನಾದರೂ ಅದು ನನ್ನ ಮಾವ ಆರ್ವಲ್ ಅವರದು. ಅರವತ್ತೆಂಟನೆಯ ಇಸವಿಯ ಪಾಂಟಿಯಾಕ್ ಜಿ.ಟಿ.ಓ., ಕಡು ಹಸಿರು, ಮೇಲ್ಚಾವಣಿ ಹಿಂದಕ್ಕೆ ಮಡಚುವಂಥದ್ದು. ಆ ಕಾಲದಲ್ಲಿ ಸಾಧಾರಣ ಕಾರಿನ ಹೊಟ್ಟೆಗೆ ಲಾರಿಯಷ್ಟು ಎಂಜಿನ್ ತುರುಕಿ 'ಮಸಲ್ ಕಾರು' ಎಂದು ಮಾರಿದರಲ್ಲ, ಆ ಜಾತಿಯದು. ಮಾವ ಅದನ್ನು ಮಗುವಿನಂತೆ ಸಾಕಿದರು. ಸಾಯುವ ಮುಂಚೆ ಕೀಲಿ ನನ್ನ ಕೈಯಲ್ಲಿಟ್ಟು, "ಗಾರ್ಲೆಂಡ್, ಇದಕ್ಕೆ ಏನಾದ್ರೂ ಮಾಡ್ಬೇಕು ಅಂತ ನಿನಗೆ ಅನ್ಸುತ್ತೆ. ಅನ್ಸಿದಾಗ ಒಂದು ಕಪ್ ಕಾಫಿ ಕುಡಿ, ಹೋಗುತ್ತೆ" ಎಂದಿದ್ದರು.

ಹೋಗಲಿಲ್ಲ. ಕಾರಣ ಲವೆಲ್.

ಲವೆಲ್ ಟೈರ್ ಅಂಗಡಿಯವನು, ನನ್ನ ಗೆಳೆಯ. ಬೇಸಿಗೆಯ ಶನಿವಾರ ಸಂಜೆ ನಮ್ಮೂರಿನ ಹಳೇ ಕಾರಿನ ಗಂಡಸರೆಲ್ಲ ಐಸ್‌ಕ್ರೀಮ್ ಅಂಗಡಿಯ ಮುಂದಿನ ಬಯಲಿನಲ್ಲಿ ಸೇರುತ್ತೇವೆ. ಬಾನೆಟ್ ತೆರೆದು ಮಡಚುವ ಕುರ್ಚಿ ಹಾಕಿ ಕೂರುವುದು, ಒಬ್ಬೊಬ್ಬರೇ ಎಂಜಿನ್ ಶುರು ಮಾಡುವುದು, ಉಳಿದವರು ಕೇಳುವುದು. ಓಡಿಸುವುದಿಲ್ಲ, ಬರೀ ನಿಂತಲ್ಲೇ ಗುರುಗುಟ್ಟಿಸುವುದು. ಸಂಗೀತ ಕಚೇರಿಯ ಮುಂದಿನ ಸಾಲಿನವರಂತೆ ಕಣ್ಣು ಮುಚ್ಚಿ ತಲೆದೂಗುವವರೂ ಇದ್ದಾರೆ. ಲವೆಲ್‌ನ ಕಾರು 'ಧಡ್... ಧಡಧಡ್... ಧಡ್' ಎಂದು ಈಗಲೋ ಆಗಲೋ ಪ್ರಾಣ ಬಿಡುವ ಹಾಗೆ ಕುಂಟುತ್ತದೆ. ಕುಂಟಿದಷ್ಟೂ ಗೌರವ. ನನ್ನದು ಮಾತ್ರ ಹಾಲು ಕುಡಿದ ಬೆಕ್ಕಿನಂತೆ ಗೊರಗೊರ ಎನ್ನುತ್ತಿತ್ತು.

"ಚೆನ್ನಾಗಿದೆ ಕಣೋ, ತೊಟ್ಟಿಲಲ್ಲಿರೋ ಕೂಸು ಏಳಲ್ಲ" ಎಂದ ಲವೆಲ್, ಹೋದ ಬೇಸಿಗೆಯ ಕೊನೆಯ ಶನಿವಾರ.

ಗಂಡಸಾದವನಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು? ಮದ್ದು ಕೂಡ ಅವನೇ ಹೇಳಿದ: ಕ್ಯಾಮ್‌ಶಾಫ್ಟ್ ಬದಲಿಸು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ, ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಕಬ್ಬಿಣದ ಸರಳು. ಚರ್ಚಿನ ಊಟದ ಹಾಲಿನಲ್ಲಿ ಬಾಗಿಲ ಬಳಿ ಒಬ್ಬ ದಪ್ಪ ಹೆಂಗಸು ನಿಂತು, ಇಷ್ಟು ಜನ ಒಳಗೆ ಬನ್ನಿ, ಉಂಡವರು ಆ ಕಡೆಯಿಂದ ಹೋಗಿ ಎಂದು ಬಾಗಿಲು ತೆಗೆದು ಹಾಕಿ ಮಾಡುತ್ತಾಳಲ್ಲ, ಅದೇ ಕೆಲಸ. ಗಾಳಿ ಪೆಟ್ರೋಲು ಯಾವಾಗ ಒಳಗೆ, ಹೊಗೆ ಯಾವಾಗ ಹೊರಗೆ, ಎಲ್ಲ ಅವಳ ಕೈಯಲ್ಲಿ. ದೊಡ್ಡ ಕ್ಯಾಮ್‌ಶಾಫ್ಟ್ ಎಂದರೆ ಬಾಗಿಲು ಹೆಚ್ಚು ಹೊತ್ತು ತೆರೆದಿಡುವವಳು. ಜನ ನುಗ್ಗುವಾಗ, ಅಂದರೆ ವೇಗವಾಗಿ ಓಡಿಸುವಾಗ, ಇದು ಬಲು ಚೆಂದ. ಜನವೇ ಇಲ್ಲದಾಗ ಎರಡೂ ಬಾಗಿಲು ಹಾರು ಹೊಡೆದಿದ್ದರೆ? ಉಣ್ಣದೆ ಬಂದವರು ಹಾಗೇ ಹೊರಟುಹೋಗುತ್ತಾರೆ, ಬಡಿಸಿದ್ದು ಆರಿಹೋಗುತ್ತದೆ. ಆ ಗೊಂದಲದ ಸದ್ದೇ 'ಧಡ್... ಧಡಧಡ್.'

ಚಳಿಗಾಲದ ಕೊನೆಗೆ ಅತ್ತೆಗೆ ಪತ್ರ ಬಂತು. ಅತ್ತೆ ಅರ್ಡಿತ್ ಬೇಕ್‌ಮನ್‌ಗೆ ಎಂಬತ್ನಾಲ್ಕು. ಊರಿನ ಅರ್ಧ ಜನವನ್ನು ಹಳದಿ ಸ್ಕೂಲ್ ಬಸ್ಸಿನಲ್ಲಿ ಹೊತ್ತು ಸಾಕಿದ ಡ್ರೈವರು. ಹಬ್ಬದ ಸಮಿತಿಯವರು ಅವರನ್ನು ಈ ಸಲದ ಮೆರವಣಿಗೆಯ ಗೌರವ ಮುಂದಾಳು ಎಂದು ಆರಿಸಿದ್ದರು. ತೆರೆದ ಕಾರಿನಲ್ಲಿ ಎಲ್ಲ ಗಾಡಿಗಳಿಗಿಂತ ಮುಂದೆ ಕೂತು ಕೈಬೀಸುವ ಪದವಿ. ಅತ್ತೆ ಕೇಳಿದ್ದು ಎರಡೇ: ಕಾರು ಆರ್ವಲ್‌ನದೇ ಆಗಿರಬೇಕು, ನಡಿಗೆಯ ವೇಗದಲ್ಲಿ ಹೋಗಬೇಕು.

"ನನ್ನ ಕಣ್ಣಿಂದು ನಿನಗೆ ಗೊತ್ತಲ್ಲ. ಮುಂದಿನ ವರ್ಷಕ್ಕೆ ಮುಖಗಳು ಕಾಣಲ್ಲ ಅಂದಿದ್ದಾರೆ ಡಾಕ್ಟ್ರು. ನನ್ನ ಬಸ್ಸಿನ ಮಕ್ಕಳನ್ನೆಲ್ಲ ಒಂದು ಸಲ ಸರಿಯಾಗಿ ನೋಡ್ಬಿಡ್ತೀನಿ, ಗಾರ್ಲೆಂಡ್. ನಿಧಾನಕ್ಕೆ ಹೋಗು" ಎಂದರು.

ಆಗಲಿ ಎಂದೆ. ಮನಸಾರೆಯೇ ಎಂದೆ. ಆದರೆ ಆ ಮನಸ್ಸಿನ ಮೇಲೊಂದು ತಲೆಯಿತ್ತಲ್ಲ, ಅದು ಬೇರೆಯೇ ಲೆಕ್ಕ ಹಾಕುತ್ತಿತ್ತು. ಇಡೀ ಊರು ರಸ್ತೆಬದಿಯಲ್ಲಿ, ಎಲ್ಲ ಗಾಡಿಗಳಿಗಿಂತ ಮುಂದೆ ನನ್ನ ಕಾರು, ಗೊರಗೊರ ಎಂದುಕೊಂಡು? ಊರಿಗೆ ಊರೇ ಸೇರುವ ದಿನ ಗುಡುಗದೆ ಇನ್ನು ಯಾವಾಗ ಗುಡುಗುವುದು?

ಕ್ಯಾಮ್‌ಶಾಫ್ಟ್ ತಯಾರಿಸುವ ಕಂಪನಿಗೆ ಫೋನು ಮಾಡಿದೆ. ಯಾವ ಕಾರಿಗೆ ಯಾವುದು ಹೊಂದುತ್ತದೆಂದು ಹೇಳಲೆಂದೇ ಅಲ್ಲಿ ಒಬ್ಬನನ್ನು ಕೂರಿಸಿರುತ್ತಾರೆ. ಶಾಂತ ಸ್ವರದ ಮನುಷ್ಯ. ಒಂದೊಂದೇ ಪ್ರಶ್ನೆ ಕೇಳಿದ. ನನ್ನೆದುರು ಲವೆಲ್ ಕಿವಿ ನಿಮಿರಿಸಿ ಕೂತಿದ್ದ, ಅಡುಗೆಮನೆಯಲ್ಲಿ ನಡೀನ್ ಇದ್ದಳು. ಇಬ್ಬರ ನಡುವೆ ಸತ್ಯಕ್ಕೆ ಕೂರಲು ಕುರ್ಚಿ ಇರಲಿಲ್ಲ.

ಗೇರು ತಾನೇ ಬದಲಾಗುವಂಥದೋ, ಕೈಯಿಂದ ಹಾಕುವಂಥದೋ ಎಂದ. ಕೈಯಿಂದ ಎಂದೆ.

"ತಾನೇ ಬದಲಾಗೋದು" ಎಂಬ ಧ್ವನಿ ಅಡುಗೆಮನೆಯಿಂದ ಬಂತು.

ಕಾರು ಭಾರವೋ ಎಂದ. ಹಗುರ, ಬಿಚ್ಚುವುದನ್ನೆಲ್ಲ ಬಿಚ್ಚಿ ಹಗುರ ಮಾಡಿದ್ದೇನೆ ಎಂದೆ. ಬಿಚ್ಚಿದ್ದು ಒಂದು ಸಿಗರೇಟಿನ ಬೂದಿಬಟ್ಟಲು. ಬ್ರೇಕು ಬರೀ ಕಾಲಿನ ಬಲದ್ದೋ, ಎಂಜಿನ್ನಿನ ನೆರವು ಪಡೆಯುವಂಥದ್ದೋ ಎಂದ. ನನ್ನ ಕಾಲಿಗೆ ಯಾರ ನೆರವೂ ಬೇಡ ಎಂದೆ. ಕೊನೆಗೆ, ಹೆಚ್ಚಾಗಿ ಎಲ್ಲಿ ಓಡಿಸುತ್ತೀರಿ ಎಂದು ಕೇಳಿದ.

"ರೇಸಿನಲ್ಲಿ" ಎಂದೆ ಗಂಭೀರವಾಗಿ.

"ಐಸ್‌ಕ್ರೀಮ್ ಅಂಗಡಿಗೆ" ಎಂದಳು ನಡೀನ್. ನಾನು ಕಾಲಿನಿಂದ ಅಡುಗೆಮನೆಯ ಬಾಗಿಲು ನೂಕಿದೆ.

ಆ ಕಡೆಯವನು ಎಲ್ಲವನ್ನೂ ಬರೆದುಕೊಂಡ. ಆಮೇಲೆ, "ಸಾರ್, ನೀವು ಹೇಳಿದ ಕಾರಿಗೆ ದೊಡ್ಡದೇ ಹೊಂದುತ್ತೆ. ಆದ್ರೂ ಒಂದು ಮಾತು. ನಿಮ್ಮ ಮನಸ್ಸಿನಲ್ಲಿ ಯಾವ ಅಳತೆ ಇದೆಯೋ ಅದಕ್ಕಿಂತ ಒಂದು ಚಿಕ್ಕದು ತಗೊಳ್ಳಿ. ಊರಲ್ಲಿ ಓಡಿಸೋಕೆ ಸುಖ" ಎಂದ.

ಇಲ್ಲಿಯೇ ನೋಡಿ, ನನ್ನ ವ್ಯಾಪಾರದ ಬುದ್ಧಿ ಹೆಡೆಯೆತ್ತಿತು! ಚಿಕ್ಕದು ತಗೊಳ್ಳಿ ಎನ್ನುವ ವ್ಯಾಪಾರಿಯನ್ನು ನಾನು ಹುಟ್ಟಿದಾರಭ್ಯ ಕಂಡಿಲ್ಲ. ನಾನೇ ಆ ಮಾತು ಹೇಳುವುದು ಒಂದೇ ಸಂದರ್ಭದಲ್ಲಿ: ಗೋಡೌನಿನಲ್ಲಿ ಚಿಕ್ಕವು ಮಾರಾಟವಾಗದೆ ರಾಶಿ ಬಿದ್ದಾಗ. ಅಯ್ಯಾ, ಯಾರಿಗೆ ಹೇಳುತ್ತಿದ್ದೀಯ? ಹಾವಾಡಿಗನ ಮುಂದೆ ಪುಂಗಿಯೇ? ಫೋನಿಗೆ ಕೈ ಅಡ್ಡ ಹಿಡಿದು ಲವೆಲ್‌ಗೆ ಕಣ್ಣು ಹೊಡೆದೆ. "ದೊಡ್ಡದಕ್ಕಿಂತ ಒಂದು ಅಳತೆ ದೊಡ್ಡದು ಕಳಿಸಪ್ಪ" ಎಂದೆ.

ಹೀಗೆ, ಜೀವಮಾನದಲ್ಲಿ ಒಬ್ಬ ವ್ಯಾಪಾರಿ ನನಗೆ ನಿಜ ಹೇಳಿದಾಗ ನಾನು ಅವನನ್ನು ಕಳ್ಳನೆಂದುಕೊಂಡೆ.

ಕ್ಯಾಮ್‌ಶಾಫ್ಟ್ ಬದಲಿಸುವುದೆಂದರೆ ಬಲ್ಬು ಬದಲಿಸಿದಂತಲ್ಲ. ಕಾರಿನ ಮುಖವನ್ನೇ ಕಳಚಬೇಕು. ರೇಡಿಯೇಟರ್ ಹೊರಗೆ, ಫ್ಯಾನು ಹೊರಗೆ, ಎಂಜಿನ್ನಿನ ತಲೆ ಬಾಲ ಎಲ್ಲ ಹೊರಗೆ. ಬೇಸಿಗೆಯುದ್ದಕ್ಕೂ ಗ್ಯಾರೇಜಿನಲ್ಲಿ ಮಾವನ ಕಾರು ಹಲ್ಲು ಕಿತ್ತ ಮುದುಕನಂತೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಬೋಲ್ಟುಗಳನ್ನು ಹಾಕಿಡಲು ನಡೀನಳ ಕೇಕ್ ಬೇಯಿಸುವ ತಟ್ಟೆಗಳು ಬಂದವು. ಒಂದು ಭಾನುವಾರ ಅವಳು ಬೇಯಿಸಿದ ಪುಟ್ಟ ಮಫಿನ್ ಕೇಕಿನಲ್ಲಿ ನನಗೊಂದು ವಾಷರ್ ಸಿಕ್ಕಿತು. ಹುಡುಕುತ್ತಿದ್ದದ್ದೇ ಆದ್ದರಿಂದ ನಾನು ದೂರು ಹೇಳಲಿಲ್ಲ.

ಅತ್ತೆ ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹಬ್ಬದ ಹೊತ್ತಿಗೆ ಆಗುತ್ತಾ ಎಂದು ಕೇಳುತ್ತಿರಲಿಲ್ಲ. ಟೊಪ್ಪಿಗೆ ಕೊಂಡಿದ್ದೇನೆ, ಬಿಳಿಯದು ಎಂದಷ್ಟೇ ಹೇಳಿ ಹೋಗುತ್ತಿದ್ದರು. ಅದಕ್ಕಿಂತ ಅವರು ಬೈದಿದ್ದರೆ ವಾಸಿಯಿತ್ತು.

ಅಂತೂ ಹಬ್ಬದ ಹಿಂದಿನ ದಿನ ಎಂಜಿನ್ ಶುರುವಾಯಿತು. ಅದೇನು ಸದ್ದು! ಧಡ್... ಧಡಧಡ್... ಧಡ್! ಕಪಾಟಿನ ಬಣ್ಣದ ಡಬ್ಬಿಗಳು ತಾವಾಗಿಯೇ ನಡೆದು ಅಂಚಿಗೆ ಬಂದವು. ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಹೋದದ್ದು ಊಟಕ್ಕೂ ಬರಲಿಲ್ಲವಂತೆ. ಲವೆಲ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ನಡೀನ್ ಮೂಗು ಮುಚ್ಚಿಕೊಂಡು, ಹಗ್ಗದ ಮೇಲಿದ್ದ ಬಟ್ಟೆಯೆಲ್ಲ ಪೆಟ್ರೋಲ್ ನಾತ ಎಂದಳು. ಶಕ್ತಿಯ ಪರಿಮಳ ಎಂದೆ. ಆ ಪರಿಮಳದ ಅಂಗಿಯನ್ನೇ ನಾಳೆ ನೀನು ಹಾಕಿಕೋ ಎಂದಳು.

ನಾನೂ ಲವೆಲ್ಲೂ ಹೆದ್ದಾರಿಗೆ ಹೋಗಿ ಪರೀಕ್ಷೆ ಮಾಡಿದೆವು. ಬಾಣ! ಬ್ರೇಕು ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ಗಂಡು ಬ್ರೇಕು ಹಾಗೇ ಇರೋದು ಎಂದ ಲವೆಲ್. ಒಮ್ಮೆ ನಿಧಾನವಾಗಿಯೂ ಓಡಿಸಿ ನೋಡೋಣ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಂಥ ಕಾರನ್ನು ಯಾರಾದರೂ ನಿಧಾನ ಓಡಿಸುತ್ತಾರೆಯೇ?

ಮರುದಿನ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಮುಂದೆ ಮೆರವಣಿಗೆ ಸಾಲುಗಟ್ಟಿತು. ನಮ್ಮ ಮುಂದೆ ಇದ್ದದ್ದು ಹೈಸ್ಕೂಲಿನ ಬ್ಯಾಂಡು ಮಾತ್ರ, ಅದರ ಕೊನೆಯ ಸಾಲಿನಲ್ಲಿ ಬೆನ್ನು ಹಾಕಿ ನಡೆಯುವ ದೊಡ್ಡ ಹಿತ್ತಾಳೆ ಕಹಳೆಯವರು. ನಮ್ಮ ಹಿಂದೆ ಟ್ರ್ಯಾಕ್ಟರುಗಳು, ಕುದುರೆ ಗಾಡಿಗಳು, ಬಣ್ಣದ ಕಾಗದ ಸುತ್ತಿದ ಕೈಗಾಡಿಗಳು. ನಡೀನ್ ನನ್ನ ಪಕ್ಕ. ಹಿಂದಿನ ಸೀಟಿನಲ್ಲಿ ಅತ್ತೆ, ಬಿಳಿ ಟೊಪ್ಪಿಗೆ, ಕೈಗೆ ಬಿಳಿ ಗವಸು. ಶಿಳ್ಳೆ ಊದಿದರು. ಗೇರು ಹಾಕಿದೆ.

ಕಾರು ಸತ್ತಿತು.

ಮತ್ತೆ ಶುರು ಮಾಡಿದೆ, ಗೇರು ಹಾಕಿದೆ, ಮತ್ತೆ ಸತ್ತಿತು. ಬಾಗಿಲ ಹೆಂಗಸು ನಿಧಾನಗತಿಯ ಅತಿಥಿಗಳನ್ನು ಒಪ್ಪುತ್ತಿರಲಿಲ್ಲ. ಕೆಳಗಿಳಿದು ಬಾನೆಟ್ ಎತ್ತಿ, ಒಂದು ತಿರುಪು ತಿರುಗಿಸಿ ಎಂಜಿನ್ನಿನ ವೇಗ ಏರಿಸಿದೆ. ಈ ಸಲ ಸಾಯಲಿಲ್ಲ. ಗೇರು ಬಿದ್ದ ಕೂಡಲೇ ಹಗ್ಗ ಬಿಚ್ಚಿದ ಗೂಳಿಯಂತೆ ಮುಂದಕ್ಕೆ ಹಾರಿತು! ಬ್ರೇಕಿನ ಮೇಲೆ ನಾನು ಒತ್ತಲಿಲ್ಲ, ಎದ್ದು ನಿಂತೆ. ಎರಡೂ ಕಾಲು. ಆ ಬ್ರೇಕಿಗೆ ಎಂಜಿನ್ನಿನ ನೆರವು ಬೇಕಾಗಿತ್ತು, ಎಂಜಿನ್ನು ನೆರವು ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಹಳೆಯ ಹುಡುಗನಿಗೂ ನಮ್ಮ ಬಂಪರಿಗೂ ನಡುವೆ ಒಂದು ಸ್ಯಾಂಡ್‌ವಿಚ್ ಇಡುವಷ್ಟು ಜಾಗ ಉಳಿಯಿತು. ಅವನು ಊದಿದ ಸ್ವರ ಆ ಹಾಡಿನಲ್ಲಿ ಇರಲಿಲ್ಲ.

ಹೀಗೆ ಹಾರುವುದು, ನಿಲ್ಲುವುದು, ಹಾರುವುದು, ನಿಲ್ಲುವುದು. ಕಪ್ಪೆಯ ಮೇಲೆ ಕೂತ ಮಹಾರಾಣಿಯಂತೆ ಅತ್ತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಕೈಬೀಸಲು ಎತ್ತಿದ ಕೈ ಪ್ರತಿ ಸಲವೂ ಸೀಟು ಹಿಡಿಯಲು ಇಳಿಯುತ್ತಿತ್ತು. ಉರಿಯದೆ ಹೊರಬಿದ್ದ ಪೆಟ್ರೋಲಿನ ಹೊಗೆ ತೆರೆದ ಕಾರನ್ನು ಸುತ್ತಿಕೊಂಡಿತ್ತು. ಅತ್ತೆಯ ಕಣ್ಣಿನಿಂದ ಧಾರಾಕಾರ ನೀರು. ರಸ್ತೆಬದಿಯವರು, ಅಯ್ಯೋ ಪಾಪ, ಭಾವುಕರಾಗಿದ್ದಾರೆ ಎಂದು ತಾವೂ ಕಣ್ಣೊರೆಸಿಕೊಂಡರು.

"ಅಮ್ಮನಿಗೆ ಒಬ್ಬರ ಮುಖಾನೂ ಕಾಣ್ತಿಲ್ಲ" ಎಂದಳು ನಡೀನ್. ಬೈಯಲಿಲ್ಲ. ತಿರುಗಿಯೂ ನೋಡಲಿಲ್ಲ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಮದುವೆಯ ದಿನ ಬಿಟ್ಟರೆ ಕೇಳಿಲ್ಲ.

ಆಗ ನನಗೆ ನಿಜವಾಗಿ ನಡುಕ ಹುಟ್ಟಿತು. ಬ್ಯಾಂಕಿನ ಗಾಜು ಮಾತ್ರ ನಡುಗಲಿಲ್ಲ.

ಬ್ಯಾಂಕು ದಾಟಿತು, ಔಷಧಿ ಅಂಗಡಿ ದಾಟಿತು. ರೇಡಿಯೇಟರಿನಿಂದ ಉಗಿ ಎದ್ದಿತು. ಒಂದು ಕೊನೆಯ 'ಧಡ್' ಎಂದು, ಹೊಟ್ಟೆಯೊಳಗೆ ಏನೋ ನಿಟ್ಟುಸಿರು ಬಿಟ್ಟು, ಎಂಜಿನ್ ನಿಂತೇಹೋಯಿತು. ಕೀಲಿ ತಿರುಗಿಸಿದರೆ ಟಿಕ್ ಎನ್ನಲೂ ಇಲ್ಲ. ತಲೆಯೆತ್ತಿ ನೋಡಿದೆ. ಊರಿನಲ್ಲಿ ನಿಲ್ಲಲು ಬೇರೆ ಜಾಗವೇ ಇರಲಿಲ್ಲವೇ? ಸರಿಯಾಗಿ ನನ್ನ ಅಂಗಡಿಯ ಮುಂದೆ. ಕೆಂಪಕ್ಷರಗಳು ನೆತ್ತಿಯ ಮೇಲೆ: ದೊಡ್ಡದೇ ತಗೊಳ್ಳಿ, ನಿಶ್ಚಿಂತೆಯಾಗಿರಿ. ಓದಿದವರಲ್ಲಿ ಕೆಲವರು ನಕ್ಕರು. ಅವರೆಲ್ಲ ನನ್ನ ಗಿರಾಕಿಗಳು.

ಹಿಂದೆ ಟ್ರ್ಯಾಕ್ಟರುಗಳು ಹಾರನ್ ಮಾಡತೊಡಗಿದವು. ಬ್ಯಾಂಡು ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಆ ಗದ್ದಲದಲ್ಲಿ ಅತ್ತೆ ಕಣ್ಣೊರೆಸಿಕೊಂಡು ಹಿಂದಿನ ಸೀಟಿನಿಂದ ಎದ್ದರು.

"ಗಾರ್ಲೆಂಡ್, ಇಳಿ."

"ಅಮ್ಮಾ, ಒಂದು ನಿಮಿಷ, ಈಗ ಸರಿ ಮಾಡ್ತೀನಿ."

"ನಿನ್ನ ಒಂದು ನಿಮಿಷ ಬೇಸಿಗೆಯಿಡೀ ನೋಡಿದ್ದೀನಿ. ಇಳಿದು ಹಿಂದಕ್ಕೆ ಹೋಗು. ಜನವರಿ ಹಿಮದಲ್ಲಿ ಬಸ್ಸು ಕೆಟ್ಟಾಗ ಏಳನೇ ಕ್ಲಾಸಿನವರು ತಳ್ತಿದ್ರು. ನಿನಗೇನಾಗಿದೆ?"

ನಾನು ಇಳಿದೆ. ಅತ್ತೆ ಸ್ಟಿಯರಿಂಗಿನ ಮುಂದೆ ಕೂತರು. ದಾರಿ ಹೇಳಲು ನಡೀನ್ ಪಕ್ಕದಲ್ಲೇ ಇದ್ದಳು. ಮೇನ್ ಸ್ಟ್ರೀಟು ಅಳತೆಪಟ್ಟಿಯಂತೆ ನೇರ, ಬ್ರೇಕಿನ ಚಿಂತೆ ಹೇಗೂ ಇರಲಿಲ್ಲ, ಏಕೆಂದರೆ ವೇಗವೆಲ್ಲ ನನ್ನ ಬೆನ್ನಿನದು. ನಾನೂ, ಜನರ ನಡುವೆ ಅಡಗಿಕೊಂಡಿದ್ದು ಸಿಕ್ಕಿಬಿದ್ದ ಲವೆಲ್ಲೂ ಭುಜ ಕೊಟ್ಟೆವು. ಕಾರು ಅಲುಗಲಿಲ್ಲ. ಹಗುರ ಮಾಡಿದ್ದೇನೆಂದು ಹೇಳಿದ್ದೆನಲ್ಲ, ಆ ಮಾತಿನ ಪೂರ್ತಿ ತೂಕ ಆಗ ತಿಳಿಯಿತು.

ಅಷ್ಟರಲ್ಲಿ ಅತ್ತೆ ರಸ್ತೆಯ ಕಡೆ ತಿರುಗಿ ಹಳೇ ಬಸ್ಸಿನ ಗಂಟಲು ತೆಗೆದರು. "ಸುಮ್ನೆ ನಿಂತು ಏನ್ ನೋಡ್ತೀರಿ? ಬರ್ರೋ. ಒಬ್ಬೊಬ್ಬರೇ ಬರ್ಬೇಕು, ತಳ್ಳಾಡಬಾರದು."

ಬಂದರು. ಬೋಳುತಲೆಯವರು, ಹೊಟ್ಟೆ ಬಂದವರು, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಿಯರು. ಸಾಲಾಗಿ ನಿಂತು ಸರದಿಯ ಮೇಲೆ ತಳ್ಳಿದರು. ಹತ್ತು ಹೆಜ್ಜೆ ತಳ್ಳುವುದು, ಬಾಗಿಲ ಪಕ್ಕಕ್ಕೆ ಬಂದು ಬಗ್ಗಿ ಮುಖ ತೋರಿಸುವುದು, ಜಾಗ ಬಿಡುವುದು. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಟೈರು ಉರುಳುವ ಸದ್ದು, ಅತ್ತೆಯ ಮಾತು, ಅಷ್ಟೇ. ಅವರು ಪ್ರತಿಯೊಬ್ಬರ ಗಲ್ಲ ಹಿಡಿದು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

"ನೀನು ಸೇತುವೆ ಹತ್ರ ಹತ್ತೋನು. ದಿನಾ ತಡ."

"ಹೌದು, ಮಿಸೆಸ್ ಬೇಕ್‌ಮನ್."

"ಇವತ್ತೂ ತಡವಾಗೇ ಬಂದೆ." ಆಮೇಲೆ ಮುಂದಿನವಳ ಕಡೆ ತಿರುಗಿದರು. "ನೀನು ಬಾಳೆಹಣ್ಣಿನ ಸಿಪ್ಪೆ ಕಿಟಕಿಯಿಂದ ಎಸೀತಿದ್ದೋಳು. ಎಲ್ಲಿದ್ದೀಯ ಈಗ?"

"ನ್ಯಾಯಾಲಯದಲ್ಲಿ, ಜಡ್ಜ್ ಆಗಿದ್ದೀನಿ."

"ಒಳ್ಳೇದು. ಎಸೆಯೋರಿಗೆ ದಂಡ ಹಾಕು."

ನಾನು ಹಿಂದೆ ಬಂಪರಿಗೆ ಕೆನ್ನೆ ಒತ್ತಿಕೊಂಡು ತಳ್ಳುತ್ತಿದ್ದೆ. ಉಳಿದವರಿಗೆ ಸರದಿ, ನನಗೆ ಮಾತ್ರ ಇಲ್ಲ. ಪೆಟ್ರೋಲಿನ ಹೊಗೆ ಯಾವಾಗಲೋ ಚದುರಿಹೋಗಿತ್ತು. ಆದರೂ ನನ್ನ ಕಣ್ಣಲ್ಲಿ ನೀರು ಯಾಕೆ ಬಂತೆಂದು ಲವೆಲ್ ಕೇಳಿದ. ಬೆವರು ಎಂದೆ. ಸುಳ್ಳು ಹೇಳುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ?

ಸಂಜೆ ಬಹುಮಾನ ವಿತರಣೆ. ನಮ್ಮ ಹೆಸರು ಕೂಗಿದರು! ನಾನು ಬೆನ್ನು ಹಿಡಿದುಕೊಂಡೇ ವೇದಿಕೆ ಹತ್ತಿದೆ. ನೀಲಿ ರಿಬ್ಬನ್ನು. ಮೊದಲ ಸ್ಥಾನ. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿತ್ತು: 'ಎಂಜಿನ್ ಇಲ್ಲದ ವಾಹನಗಳ ವಿಭಾಗ.' ಎರಡನೆಯ ಸ್ಥಾನ ಒಂದು ಕೈಗಾಡಿಗೆ, ಮೂರನೆಯದು ಕತ್ತೆಗೆ.

ಸೋಮವಾರ ನಡೀನ್ ತಾನೇ ಕಂಪನಿಗೆ ಫೋನು ಮಾಡಿದಳು. ಅದೇ ಶಾಂತ ಸ್ವರ, ಅವೇ ಪ್ರಶ್ನೆಗಳು. ಕಾರು ಭಾರ ಎಂದಳು. ಗೇರು ತಾನೇ ಬೀಳುತ್ತದೆ, ಬ್ರೇಕಿಗೆ ನೆರವು ಬೇಕೇಬೇಕು ಎಂದಳು. ಹೆಚ್ಚಾಗಿ ಎಲ್ಲಿ ಓಡಿಸುತ್ತೀರಿ ಎಂದ.

"ಚರ್ಚಿಗೆ, ಐಸ್‌ಕ್ರೀಮಿಗೆ, ನಮ್ಮಮ್ಮನನ್ನ ಡಾಕ್ಟರ ಹತ್ರಕ್ಕೆ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು ಕೇಳಿತಂತೆ. ಆಮೇಲೆ ಅವನು, "ಅಮ್ಮಾ, ಈ ಕುರ್ಚಿಯಲ್ಲಿ ಕೂತು ನಿಜ ಕೇಳಿದ್ದು ನಾನು ಇದೇ ಮೊದಲು" ಎಂದನಂತೆ. ಅತಿ ಚಿಕ್ಕದಕ್ಕಿಂತ ಒಂದೇ ಅಳತೆ ದೊಡ್ಡದನ್ನು ಕಳಿಸಿದ.

ಎಲೆ ಉದುರುವ ಹೊತ್ತಿಗೆ ಕಾರು ಮತ್ತೆ ಗೊರಗೊರ ಎನ್ನತೊಡಗಿತು. ಮೊದಲ ಸವಾರಿಗೆ ಅತ್ತೆಯನ್ನೇ ಕರೆದೊಯ್ದೆ. ಮೇನ್ ಸ್ಟ್ರೀಟಿನಲ್ಲಿ ಮಗುವಿನ ಅಂಬೆಗಾಲಿನಂತೆ ಸಾಗಿದೆವು. ಬ್ರೇಕು ಬೆಣ್ಣೆ. ಅಂಗಡಿಯ ಮುಂದೆ ಬಂದಾಗ, ನಾನು ಅಳಿಸಿ ಬರೆಸಿದ ಹೊಸ ಬೋರ್ಡನ್ನು ನಡೀನ್ ತಾಯಿಗೆ ಓದಿ ಹೇಳಿದಳು: 'ಮನೇಲಿ ಎಷ್ಟು ಜನ? ನಿಜ ಹೇಳಿ.' ಅತ್ತೆ ತಲೆಯಾಡಿಸಿದರು. ನಾನು ಎದೆಯುಬ್ಬಿಸಿ, ಮುಂದಿನ ವರ್ಷದ ಹಬ್ಬಕ್ಕೆ ಇದೇ ಕಾರಿನಲ್ಲಿ, ಹೀಗೇ, ಒಂದು ಹನಿ ಕಾಫಿ ಚೆಲ್ಲದಂತೆ ನಿಮ್ಮನ್ನು ಕರೆದೊಯ್ಯುತ್ತೇನೆ ಎಂದು ಹೊಸ ಪ್ರತಿಜ್ಞೆ ಮಾಡಿದೆ.

ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು.

"ಬೇಡಪ್ಪ, ತಳ್ಳೋದೇ ವಾಸಿ. ಎಂಜಿನ್ ಇರೋರ ವಿಭಾಗದಲ್ಲಿ ನಾವು ಗೆಲ್ಲಲ್ಲ."